ಎರಡು ಚಂದ್ರ ಇರುವ ಲೋಕದಲ್ಲಿ ‘ಸೋಮವಾರ’ ಅಂತ ಬರೆಯಬಹುದಾ?

ಇರುಳಹಾದಿ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ, ಕನ್ನಡದಲ್ಲೇ. ಕಥೆ ಕೈಗೆ ಹತ್ತಿದೆ, ಪಾತ್ರಗಳು ಕಣ್ಣಿಗೆ ಕಟ್ಟಿವೆ. ಮಾತು ಮಾತ್ರ ಕೈಕೊಡುತ್ತಿದೆ.

ಲೋಕದ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಅದು ನಮ್ಮ ಭೂಮಿ ಅಲ್ಲ. ಅಲ್ಲಿ ಎರಡು ಚಂದ್ರ. ದೊಡ್ಡದು 40 ದಿನಕ್ಕೊಮ್ಮೆ ತುಂಬುತ್ತದೆ, ಚಿಕ್ಕದು 11 ದಿನಕ್ಕೊಮ್ಮೆ. ಎತ್ತರದ ಗುಡ್ಡಗಳಲ್ಲಿ ಜನ ಇದ್ದಾರೆ. ಕಣಿವೆಯ ಮೇಲೆ ಹಗ್ಗದ ಸೇತುವೆ ಕಟ್ಟುವುದು ಅವರ ಕಸುಬು. ಕೆಳಗೆ ಹೊಳೆಯ ಮಡುಗಳಲ್ಲಿ ಇನ್ನೊಂದು ಬಗೆಯ ಜೀವಿಗಳಿವೆ. ಅವಕ್ಕೆ ಮಾತು ಬರುತ್ತದೆ. ಗಂಡು ಹೆಣ್ಣು ಅನ್ನುವ ಭೇದ ಇಲ್ಲ. ಆಯಸ್ಸು ನೂರಾರು ವರ್ಷ. ಅವರನ್ನು ಸದ್ಯಕ್ಕೆ ‘ಮಡುವೆ’ ಅಂತ ಕರೆದಿದ್ದೇನೆ. ಗುಡ್ಡದ ಜನರ ಕಣ್ಣಿಗೆ ಅವು ಬರೀ ಪ್ರಾಣಿಗಳು. ಸೇತುವೆಯಿಂದ ಜಾರಿ ಬಿದ್ದ ಒಬ್ಬ ಹುಡುಗಿಯನ್ನು ಅವು ಬದುಕಿಸುತ್ತವೆ, ಕಥೆ ಅಲ್ಲಿಂದ ಶುರು.

ಮೊದಲ ಸಲ ಬರೆದಾಗ ಎಲ್ಲರ ಬಾಯಲ್ಲೂ ‘ತಮ್ಮ ಆಗಮನದಿಂದ ಈ ಪ್ರಾಂತ್ಯ ಪಾವನವಾಯಿತು’ ಥರದ ಮಾತು. ಓದಿದ ಗೆಳತಿ ಕೇಳಿದಳು, ‘ದೇವರು ಯಾವಾಗ ಪ್ರತ್ಯಕ್ಷ ಆಗ್ತಾನೆ?’ ಅಂತ. ಅವಳು ಅದನ್ನು ಪುರಾಣದ ಕಥೆ ಅಂದುಕೊಂಡಿದ್ದಳು. ಎರಡನೇ ಸಲ ಸಂಸ್ಕೃತದ ಪದಗಳನ್ನೆಲ್ಲ ಕಿತ್ತುಹಾಕಿ ನಾನೇ ಪದ ಕಟ್ಟಿದೆ. ಮಾಯಾಶಕ್ತಿಗೆ ‘ಕಾಣದಬಲ್ಮೆ’, ಸಾಮ್ರಾಜ್ಯಕ್ಕೆ ‘ಹಿರಿಯಾಳ್ವಿಕೆ’, ಹೀಗೆ. ನಾಲ್ಕನೇ ಪುಟಕ್ಕೆ ಅವಳು ಓದುವುದನ್ನೇ ಬಿಟ್ಟಳು. ಮೂರನೇ ಸಲ ನಾವು ದಿನವೂ ಆಡುವ ಕನ್ನಡಕ್ಕೆ ಬಂದೆ. ಸರಾಗವಾಗಿ ಓಡಿತು. ಆಮೇಲೆ ಒಂದು ದಿನ ಕೂತು ಓದುವಾಗ ‘ಸೋಮವಾರ ಬೆಳಗ್ಗೆ’ ಅನ್ನುವುದು ಕಣ್ಣಿಗೆ ಬಿತ್ತು. ಎರಡು ಚಂದ್ರ ಇರುವ ಲೋಕದಲ್ಲಿ ಯಾವ ಸೋಮನ ವಾರ? ‘ಎರಡು ತಿಂಗಳಾಯಿತು’ ಅಂದರೆ ಎಷ್ಟು ದಿನ? ಇನ್ನೊಂದು ಕಡೆ ‘ಮೈಯಲ್ಲಿ ವಿದ್ಯುತ್ ಸಂಚಾರವಾದಂತಾಯಿತು’ ಅಂತ ಬರೆದಿದ್ದೇನೆ, ಆ ಲೋಕದಲ್ಲಿ ದೀಪ ಉರಿಯುವುದೇ ಎಣ್ಣೆಯಿಂದ.

ಅಲ್ಲಿಂದ ಶುರುವಾದ ಅನುಮಾನ ಈಗ ಎಲ್ಲ ಪದದ ಮೇಲೂ ಹಬ್ಬಿದೆ. ‘ಕಾಗದ’ ಪಾರಸಿಯಿಂದ ಬಂದದ್ದು, ‘ಕುರ್ಚಿ’ ಅರಬ್ಬಿಯಿಂದ, ‘ಚಾವಿ’ ಪೋರ್ಚುಗೀಸಿನಿಂದ. ಪಾರಸಿಕರೇ ಇಲ್ಲದ ಲೋಕಕ್ಕೆ ಕಾಗದ ಹೇಗೆ ಬಂತು? ಎರಡು ವಾರದಿಂದ ಒಂದು ಸಾಲೂ ಮುಂದೆ ಹೋಗಿಲ್ಲ. ಇದಕ್ಕೆ ಎಲ್ಲಿ ಗೆರೆ ಎಳೆಯಬೇಕು, ನೀವೆಲ್ಲ ಹೇಗೆ ಮಾಡುತ್ತೀರಿ?

ಓಲೆಗರಿ:

ಎರಡು ವಾರ ನಿಂತದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ನೀವು ಸರಿಯಾದ ಜಾಗದಲ್ಲೇ ನಿಂತಿದ್ದೀರಿ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ನಿಮ್ಮ ಗುಡ್ಡದ ಜನ ಕನ್ನಡ ಮಾತಾಡುವುದಿಲ್ಲ. ಅವರದು ಬೇರೆ ಯಾವುದೋ ಭಾಷೆ, ನೀವು ಅದನ್ನು ಕನ್ನಡಕ್ಕೆ ತಂದು ಹೇಳುತ್ತಿದ್ದೀರಿ. ‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ ಇದನ್ನು ಬಾಯಿಬಿಟ್ಟೇ ಹೇಳಿದ್ದರು, ತನ್ನ ಕಥೆಯ ಜನರ ಮಾತನ್ನು ತಾನು ಇಂಗ್ಲಿಷಿಗೆ ಅನುವಾದ ಮಾಡಿದ್ದೇನೆ ಅಷ್ಟೇ ಅಂತ. ಕುದುರೆ ಸಾಕುವ ಒಂದು ಜನಾಂಗದ ನುಡಿ ಉಳಿದವರ ನುಡಿಯ ಹಳೆಯ ನೆಂಟ ಅಂತ ತೋರಿಸಲು ಅವರ ಹೆಸರುಗಳಿಗೆಲ್ಲ ಹಳೆಯ ಇಂಗ್ಲಿಷನ್ನೇ ಬಳಸಿದರು. ಈ ಮಾತು ಒಮ್ಮೆ ಮನಸ್ಸಿಗೆ ಬಂದರೆ ‘ಕಾಗದ’ ನಿಮ್ಮನ್ನು ಕಾಡುವುದಿಲ್ಲ. ಅನುವಾದ ಮಾಡುವವನು ತನ್ನ ಓದುಗರಿಗೆ ಗೊತ್ತಿರುವ ಪದ ಹಾಕುತ್ತಾನೆ, ಅಷ್ಟೇ ಅಲ್ವಾ.

ಹಾಗಂತ ಎಲ್ಲ ಪದವೂ ನಡೆಯುತ್ತದೆ ಅಂತಲ್ಲ. ಪದ ಎಲ್ಲಿಂದ ಬಂತು ಅನ್ನುವುದು ಮುಖ್ಯ ಅಲ್ಲ, ಓದುವವರ ಕಣ್ಣೆದುರು ಅದು ಏನನ್ನು ತಂದು ನಿಲ್ಲಿಸುತ್ತದೆ ಅನ್ನುವುದು ಮುಖ್ಯ. ‘ಕಾಗದ’ ಅಂದರೆ ಯಾರಿಗೂ ಪಾರಸಿಕರು ಕಾಣುವುದಿಲ್ಲ, ಕಾಗದ ಕಾಣುತ್ತದೆ. ‘ಸೆಕೆಂಡು’ ಅಂದರೆ ಗಡಿಯಾರದ ಮುಳ್ಳು ಕಾಣುತ್ತದೆ. ಅದೇ ‘ನಿಮಿಷ’ ನೋಡಿ, ಮೂಲದಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಅಂತ, ಈಗಲೂ ‘ಒಂದು ನಿಮಿಷ ಸುಮ್ಮನಿದ್ದಳು’ ಅಂದರೆ ಯಾರೂ ಗಡಿಯಾರ ನೋಡುವುದಿಲ್ಲ. ‘ಗಳಿಗೆ’ ಇನ್ನೂ ಒಳ್ಳೆಯದು. ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟು, ಅದು ತುಂಬಿ ಮುಳುಗುವ ಹೊತ್ತನ್ನು ಗಳಿಗೆ ಅನ್ನುತ್ತಿದ್ದರು. ದಿನಕ್ಕೆ 60 ಗಳಿಗೆ, ನಮ್ಮ ಲೆಕ್ಕದಲ್ಲಿ ಒಂದೊಂದು 24 ನಿಮಿಷ. ನಿಮ್ಮ ಲೋಕದ ದಿನ ಎಷ್ಟೇ ಉದ್ದ ಇರಲಿ, ಅದನ್ನು 60 ಪಾಲು ಮಾಡಿ ಗಳಿಗೆ ಅಂದರೆ ಸಾಕು.

ನನಗೆ ಜಾಸ್ತಿ ಹೆದರಿಕೆ ಇರುವುದು ಒಂದೊಂದು ಪದದ ಬಗ್ಗೆ ಅಲ್ಲ, ನುಡಿಗಟ್ಟಿನ ಬಗ್ಗೆ. ಅವು ಗೊತ್ತಿಲ್ಲದೆ ಬರುತ್ತವೆ. ‘ಭಗೀರಥ ಪ್ರಯತ್ನ’, ‘ಕುಂಭಕರ್ಣನ ನಿದ್ದೆ’, ‘ತ್ರಿಶಂಕು ಸ್ಥಿತಿ’, ‘ಲಕ್ಷ್ಮಣ ರೇಖೆ’. ಇವೆಲ್ಲ ಎದ್ದು ಕಾಣುತ್ತವೆ, ತೆಗೆಯುವುದು ಸುಲಭ. ‘ಗ್ರಹಚಾರ ಕೆಟ್ಟಿತು’ ಅನ್ನುವುದು ಹಾಗಲ್ಲ, ನುಸುಳಿ ಬರುತ್ತದೆ. ಅದರ ಒಳಗೆ ನಮ್ಮ ಗ್ರಹಗಳಿವೆ, ಅವುಗಳ ನಡೆ ಇದೆ, ಅವು ಮನುಷ್ಯರ ಬಾಳನ್ನು ತಿರುಗಿಸುತ್ತವೆ ಅನ್ನುವ ನಂಬಿಕೆ ಇದೆ. ‘ಹಣೆಬರಹ’ ಕೂಡ ಹಾಗೆ. ಹಣೆಯ ಮೇಲೆ ಬರೆಯುವವನು ಒಬ್ಬ ಇದ್ದಾನೆ ಅಂತ ಒಪ್ಪಿಕೊಂಡ ಲೋಕದ ಮಾತು ಅದು. ನಿಮ್ಮ ಜನ ಓದು ಬರಹದವರಾ, ಹಗ್ಗ ಹೊಸೆಯುವವರಾ? ಹಗ್ಗದವರಾದರೆ ‘ನನ್ನ ಹುರಿ ಇಷ್ಟೇ ಉದ್ದ’ ಅನ್ನಲಿ. ಗಂಡ ಹೆಂಡತಿ ಬೇರೆಯಾದರೆ ‘ಎಳೆ ಬಿಚ್ಚಿತು’ ಅನ್ನಲಿ. ಇಂಥ ಐದಾರು ಮಾತು ಸಾಕು, ಕಥೆಯುದ್ದಕ್ಕೂ ಅವೇ ತಿರುಗಿ ತಿರುಗಿ ಬರಲಿ. ಆಗ ನೀವು ಹಗ್ಗದ ಕಸುಬನ್ನು ಎರಡು ಪುಟ ವರ್ಣಿಸುವುದು ಬೇಕಾಗುವುದೇ ಇಲ್ಲ.

ಅಳತೆಗೂ ಅದೇ. ಹಗ್ಗವನ್ನು ಮಾರು ಲೆಕ್ಕದಲ್ಲಿ ಅಳೆಯಲಿ, ಎರಡೂ ಕೈ ಚಾಚಿದಷ್ಟು ಉದ್ದ. ಗೇಣು, ಮೊಳ, ಮಾರು ಎಲ್ಲ ಮೈಯಿಂದಲೇ ಹುಟ್ಟಿದ ಅಳತೆಗಳು. ನಿಮ್ಮ ನೀರಿನ ಜೀವಿಗಳ ತೋಳು ಮನುಷ್ಯರದಕ್ಕಿಂತ ಉದ್ದ ಇದ್ದರೆ ಅವರ ಒಂದು ಮಾರು ಇವರ ಎರಡು ಮಾರು ಆಗಬಹುದು. ಅಲ್ಲೇ ಒಂದು ಜಗಳ ಹುಟ್ಟುತ್ತದೆ.

‘ವಿದ್ಯುತ್ ಸಂಚಾರ’ ಮಾತ್ರ ಇವತ್ತೇ ತೆಗೆಯಿರಿ. ನಮ್ಮ ಲೋಕದ ಕಥೆಗಳಲ್ಲೂ ಅದು ಸವೆದು ಹೋಗಿದೆ.

ಎಣಿಕೆಗಾರ:

ಚಂದ್ರರ ಬಗ್ಗೆ ಹೇಳುತ್ತೇನೆ. ‘ತಿಂಗಳು’ ಪದವನ್ನು ನೀವು ತೊಂದರೆ ಅಂದುಕೊಂಡಿದ್ದೀರಿ. ನನಗೆ ಅದು ಕನ್ನಡ ನಿಮಗೆ ಕೊಟ್ಟ ಉಡುಗೊರೆ ಅನ್ನಿಸುತ್ತದೆ.

ಕನ್ನಡದಲ್ಲಿ ತಿಂಗಳು ಅಂದರೆ ಚಂದ್ರನೂ ಹೌದು, 30 ದಿನದ ಲೆಕ್ಕವೂ ಹೌದು. ಬೆಳ್ದಿಂಗಳು ಅನ್ನುವುದರಲ್ಲಿ ಇರುವುದು ಆ ಚಂದ್ರನೇ. ನಮ್ಮ ಚಂದ್ರ ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನ ತೆಗೆದುಕೊಳ್ಳುತ್ತಾನೆ, ಅದೇ ಎಣಿಕೆ ಆಯಿತು. ಹಾಗಾದರೆ ಎರಡು ಚಂದ್ರ ಇರುವಲ್ಲಿ ಎರಡು ತಿಂಗಳು, ಎರಡು ಎಣಿಕೆ. 40 ದಿನದ್ದು ದೂರದ ಲೆಕ್ಕಕ್ಕೆ, ಅಂದರೆ ಬಸುರಿನ ದಿನ, ಮಳೆಯ ದಿನ, ಸಾಲದ ಗಡುವು. 11 ದಿನದ್ದು ಹತ್ತಿರದ ಲೆಕ್ಕಕ್ಕೆ. ಅದೇ ಅವರ ವಾರ ಆಗಿಬಿಡುತ್ತದೆ, ‘ಸೋಮವಾರ’ ತಾನಾಗಿ ಬಿದ್ದುಹೋಗುತ್ತದೆ. ನಮ್ಮ ಏಳು ದಿನಗಳ ಹೆಸರು ಬಂದದ್ದು ಸೂರ್ಯ, ಚಂದ್ರ ಮತ್ತು ಬರಿಗಣ್ಣಿಗೆ ಕಾಣುವ ಐದು ಗ್ರಹಗಳಿಂದ. ಆ ಆಕಾಶವೇ ಅಲ್ಲಿ ಇಲ್ಲವಲ್ಲ. ದಿನಗಳಿಗೆ ಹೆಸರೇ ಬೇಡ, ‘ಕಿರಿ ತಿಂಗಳು ತುಂಬಿದ ಮೂರನೇ ದಿನ’ ಅಂದರೆ ಸಾಕು.

ಒಂದು ಎಚ್ಚರಿಕೆ. ಬೇಗ ಸುತ್ತುವ ಚಂದ್ರ ಹತ್ತಿರದಲ್ಲಿ ಇರಲೇಬೇಕು. ಕೆಪ್ಲರನ ಮೂರನೇ ನಿಯಮದ ಪ್ರಕಾರ ಸುತ್ತುವ ಕಾಲದ ವರ್ಗ ದೂರದ ಘನಕ್ಕೆ ತಕ್ಕಂತೆ ಇರುತ್ತದೆ. 40 ಮತ್ತು 11ಕ್ಕೆ ಲೆಕ್ಕ ಹಾಕಿದರೆ ನಿಮ್ಮ ಚಿಕ್ಕ ಚಂದ್ರ ದೊಡ್ಡದಕ್ಕಿಂತ ಹೆಚ್ಚುಕಡಿಮೆ 2.4 ಪಟ್ಟು ಹತ್ತಿರ ಇರುತ್ತದೆ. ಅಂದರೆ ಗಾತ್ರದಲ್ಲಿ ಅದು ದೊಡ್ಡದರ ಅರ್ಧ ಇದ್ದರೂ ಆಕಾಶದಲ್ಲಿ ದೊಡ್ಡದಾಗಿಯೇ ಕಾಣುತ್ತದೆ! ನೆಲದ ಮೇಲೆ ನಿಂತು ನೋಡುವ ಜನ ಅದನ್ನು ‘ಚಿಕ್ಕದು’ ಅಂತ ಕರೆಯುತ್ತಾರಾ? ಕಣ್ಣಿಗೆ ಕಂಡಂತೆ ಹೆಸರಿಡುತ್ತಾರೆ. ‘ಓಡುವ ತಿಂಗಳು’, ‘ನಿಲ್ಲುವ ತಿಂಗಳು’ ಅನ್ನಬಹುದು. ಮಂಗಳಕ್ಕೂ ಎರಡು ಚಂದ್ರ ಇವೆ ನೋಡಿ, ಅದರಲ್ಲಿ ಫೋಬೋಸ್ ಅನ್ನುವುದು 7 ಗಂಟೆ 39 ನಿಮಿಷಕ್ಕೆ ಒಂದು ಸುತ್ತು ಹಾಕುತ್ತದೆ. ಮಂಗಳ ತನ್ನ ಸುತ್ತ ತಿರುಗುವುದಕ್ಕಿಂತ ಅದು ಬೇಗ, ಅದಕ್ಕೇ ಅಲ್ಲಿ ಅದು ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತದೆ. ನಿಮ್ಮದು 11 ದಿನದ್ದು, ಅಷ್ಟು ವಿಚಿತ್ರ ಆಗುವುದಿಲ್ಲ.

40ರಿಂದಲೂ 11ರಿಂದಲೂ ಶೇಷ ಇಲ್ಲದೆ ಭಾಗವಾಗುವ ಮೊದಲ ಸಂಖ್ಯೆ 440. 440 ದಿನಕ್ಕೊಮ್ಮೆ ಎರಡೂ ಒಂದೇ ರಾತ್ರಿ ತುಂಬುತ್ತವೆ. ಇದನ್ನು ಸುಮ್ನೆ ಬಿಡಬೇಡಿ. ಅಂಥ ಒಂದು ರಾತ್ರಿಗೆ ಆ ಜನ ಹೆಸರಿಡದೆ ಇರಲು ಸಾಧ್ಯವೇ ಇಲ್ಲ.

ನೀಲಿಶಾಯಿ:

ಎಲ್ಲರೂ ಚಂದ್ರನನ್ನೇ ನೋಡುತ್ತಿದ್ದೀರಿ. ನನಗೆ ಪ್ರಶ್ನೆಯಲ್ಲಿ ಕಂಡದ್ದು ಬೇರೆ.

ಇರುಳಹಾದಿ ಅವರೇ, ನಿಮ್ಮ ಎರಡನೇ ಪ್ಯಾರಾ ಇನ್ನೊಮ್ಮೆ ಓದಿ. ‘ಅವಕ್ಕೆ ಮಾತು ಬರುತ್ತದೆ’ ಅಂದಿದ್ದೀರಿ. ಎರಡು ಸಾಲು ಕಳೆದು ‘ಅವರನ್ನು ಮಡುವೆ ಅಂತ ಕರೆದಿದ್ದೇನೆ’ ಅಂದಿದ್ದೀರಿ. ಮತ್ತೆ ‘ಅವು ಬದುಕಿಸುತ್ತವೆ’. ಆ ಜೀವಿಗಳು ಅವುಗಳಾ, ಅವರಾ? ನಿಮಗೇ ಇನ್ನೂ ತೀರ್ಮಾನ ಆಗಿಲ್ಲ. ತಪ್ಪು ಹುಡುಕುತ್ತಿದ್ದೇನೆ ಅಂದುಕೊಳ್ಳಬೇಡಿ, ನಿಮ್ಮ ಇಡೀ ಕಥೆ ಇದೇ ಅನ್ನಿಸುತ್ತದೆ ನನಗೆ.

ಕನ್ನಡದಲ್ಲಿ ಮನುಷ್ಯರು ಬೇರೆ, ಉಳಿದದ್ದೆಲ್ಲ ಬೇರೆ. ಮನುಷ್ಯರಿಗೂ ದೇವರಿಗೂ ಅವನು, ಅವಳು, ಅವರು. ಹುಲಿಗೂ ಕಲ್ಲಿಗೂ ಅದು, ಅವು. ಬರೀ ಸರ್ವನಾಮದಲ್ಲಿ ಮುಗಿಯುವುದಿಲ್ಲ ಇದು, ಭಾಷೆಯ ತುಂಬ ಹರಡಿದೆ. ಕ್ರಿಯಾಪದ ಬದಲಾಗುತ್ತದೆ, ‘ಬಂತು’, ‘ಬಂದರು’. ಎಣಿಕೆ ಬದಲಾಗುತ್ತದೆ, ಮರವಾದರೆ ಮೂರು, ಮನುಷ್ಯರಾದರೆ ಮೂವರು. ಪ್ರಶ್ನೆಯೇ ಬದಲಾಗುತ್ತದೆ, ಕತ್ತಲಲ್ಲಿ ಸದ್ದಾದರೆ ‘ಏನದು?’ ಅಂತಲೋ ‘ಯಾರದು?’ ಅಂತಲೋ ಕೇಳಬೇಕು, ಎರಡರ ನಡುವೆ ನಿಲ್ಲಲು ಜಾಗವೇ ಇಲ್ಲ. ಹೊಳೆಗೆ ಹೋಗುತ್ತೇವೆ, ಮನುಷ್ಯರ ಬಳಿಗೆ ಹೋಗುತ್ತೇವೆ. ‘ಅದರ’ ಮತ್ತು ‘ಅವರ’ ನಡುವೆ ಇರುವುದು ಒಂದೇ ಒಂದು ಅಕ್ಷರ.

ಮಾತಾಡುವ ಇನ್ನೊಂದು ಜೀವಿಯನ್ನು ಯಾವ ಸಾಲಿಗೆ ಸೇರಿಸಬೇಕು ಅಂತ ಕನ್ನಡದಲ್ಲಿ ಬರೆಯುವವನು ಪ್ರತಿ ವಾಕ್ಯದ ಕೊನೆಯಲ್ಲೂ ಹೇಳಲೇಬೇಕು. ತಪ್ಪಿಸಿಕೊಳ್ಳಲು ಆಗುವುದಿಲ್ಲ. ಗುಡ್ಡದ ಜನ ‘ಮಡುವಿನವು’ ಅನ್ನಲಿ. ನಿಮ್ಮ ಹುಡುಗಿಯೂ ಮೊದಲು ಹಾಗೇ ಅನ್ನಲಿ. ಯಾವಾಗಲೋ ಒಂದು ದಿನ, ಯಾರೂ ಗಮನಿಸದ ಹೊತ್ತಲ್ಲಿ, ಅವಳ ಬಾಯಿಂದ ‘ಮಡುವಿನವರು’ ಅಂತ ಬರಲಿ. ಒಂದು ‘ರು’ ಜಾಸ್ತಿ. ಅದನ್ನು ವಿವರಿಸಲು ಹೋಗಬೇಡಿ.

ಗಂಡು ಹೆಣ್ಣು ಭೇದ ಇಲ್ಲದ್ದಕ್ಕೂ ಇದೇ ದಾರಿ. ‘ಒಬ್ಬರು’, ‘ಅವರು’ ಅನ್ನುವಾಗ ಗಂಡೋ ಹೆಣ್ಣೋ ಹೇಳುವುದು ಬೇಕಾಗಿಲ್ಲ. ಜೊತೆಗೆ ಮರ್ಯಾದೆಯೂ ಬರುತ್ತದೆ, ಅದು ನಿಮ್ಮ ಕಥೆಗೆ ಒಳ್ಳೆಯದೇ. ‘ಮಡುವೆ’ ಅನ್ನುವ ಹೆಸರು ಮಾತ್ರ ಬಿಟ್ಟುಬಿಡಿ. ಬೇಗ ಓದುವಾಗ ನಾನು ಎರಡು ಸಲ ‘ಮದುವೆ’ ಅಂತ ಓದಿಕೊಂಡೆ.

ಒಂದು ಮಾತು ಬಿಟ್ಟಿದ್ದೆ. ‘ಅದು’ ಅಂದರೆ ಯಾವಾಗಲೂ ಕೀಳು ಅಂತಲ್ಲ. ‘ಮಗು ಮಲಗಿತು’ ಅನ್ನುತ್ತೇವೆ. ‘ಪಾಪ, ಅದಕ್ಕೇನು ಗೊತ್ತು’ ಅನ್ನುತ್ತೇವೆ. ಗುಡ್ಡದ ಮೇಲೆ ಒಬ್ಬ ಮುದುಕಿ ಇದ್ದು, ಅವಳು ಕೊನೆವರೆಗೂ ‘ಅದು’ ಅಂತಲೇ ಕರೆದರೂ ದನಿಯಲ್ಲಿ ಅಕ್ಕರೆ ಇದ್ದರೆ? ‘ಅವರು’ ಅನ್ನುವವರೆಲ್ಲ ಒಳ್ಳೆಯವರು, ‘ಅದು’ ಅನ್ನುವವರೆಲ್ಲ ಕೆಟ್ಟವರು ಅಂತ ಆಗದ ಹಾಗೆ ಅವಳು ಕಾಪಾಡುತ್ತಾಳೆ.

ಓಲೆಗರಿ:

ನೀಲಿಶಾಯಿ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಇದಕ್ಕೆ ಒಂದು ಸೇರಿಸುತ್ತೇನೆ.

ಆ ಜೀವಿಗಳ ಆಯಸ್ಸು ನೂರಾರು ವರ್ಷ ಅಂದಿದ್ದಾರಲ್ಲ. ಅವರು ಮನುಷ್ಯರ ಮಾತು ಕಲಿತದ್ದು ಯಾವಾಗ? ಬಹಳ ಹಿಂದೆ ಕಲಿತಿದ್ದರೆ ಅವರ ಬಾಯಲ್ಲಿ ಆ ಕಾಲದ ಮಾತೇ ಉಳಿದಿರಬೇಕು. ಕನ್ನಡದಲ್ಲಿ ಇದನ್ನು ತೋರಿಸಲು ಒಂದು ಅಕ್ಷರ ಸಾಕು. 10ನೇ ಶತಮಾನದ ಪಂಪನಲ್ಲಿ ಪಾಲ್, ಪೂ, ಪೆಸರ್, ಪುಲಿ. 15ನೇ ಶತಮಾನದ ಕುಮಾರವ್ಯಾಸನ ಹೊತ್ತಿಗೆ ಹಾಲು, ಹೂವು, ಹೆಸರು, ಹುಲಿ. ಪ ಹೋಗಿ ಹ ಬಂತು. ಶಾಲೆಯಲ್ಲಿ ಎರಡು ಹಳಗನ್ನಡ ಪದ್ಯ ಓದಿದ ಯಾರಿಗಾದರೂ ಈ ಬದಲಾವಣೆ ಕಿವಿಗೆ ಗೊತ್ತು. ನೀರಿನಿಂದ ಎದ್ದು ಬಂದ ಜೀವಿ ಹುಡುಗಿಯನ್ನು ‘ನಿನ್ನ ಪೆಸರೇನು’ ಅಂತ ಕೇಳಿದರೆ ಓದುಗನಿಗೆ ಅರ್ಥ ಆಗುತ್ತದೆ, ಹಳೆಯದು ಅಂತಲೂ ಅನ್ನಿಸುತ್ತದೆ. ಆಮೇಲೆ ನಿಧಾನಕ್ಕೆ ಹೊಳೆಯುತ್ತದೆ, ಹಾಗಾದರೆ ಈ ಎರಡು ಜನ ಹಿಂದೆ ಮಾತಾಡುತ್ತಿದ್ದರು, ನಡುವೆ ಏನೋ ಆಗಿ ನಿಂತುಹೋಯಿತು ಅಂತ. ಊರಿನ ಹೆಸರಿಗೂ ಹಾಗೇ ಮಾಡಬಹುದು. ಕಲ್ಲಿನ ಮೇಲೆ ‘ಪಕ್ಕಿಗಲ್’, ಜನರ ಬಾಯಲ್ಲಿ ‘ಹಕ್ಕಿಗಲ್ಲು’.

ಇಡೀ ಸಂಭಾಷಣೆಯನ್ನು ಹಳಗನ್ನಡದಲ್ಲಿ ಬರೆಯಲು ಹೋಗಬೇಡಿ. ಓದುವವರು ಕಥೆ ಬಿಟ್ಟು ಅರ್ಥಕೋಶ ಹುಡುಕುತ್ತಾರೆ. ಐದಾರು ಪದ ಸಾಕು.

ಇನ್ನು ಅರಮನೆಯ ಜನ ಇದ್ದರೆ ಅವರಿಗೆ ಸಂಸ್ಕೃತ ಹೆಚ್ಚಿರುವ ಕನ್ನಡ, ಗುಡ್ಡದವರಿಗೆ ಹಳ್ಳಿಯ ಕನ್ನಡ, ದೂರದಿಂದ ಬರುವ ವ್ಯಾಪಾರಿಗಳಿಗೆ ದರ್ಬಾರು, ಖಜಾನೆ ಥರದ ಪದಗಳಿರುವ ಕನ್ನಡ, ಹೀಗೆ ಹಂಚಿದರೆ ಯಾರು ಎಲ್ಲಿಯವರು ಅಂತ ತಾನಾಗಿ ಗೊತ್ತಾಗುತ್ತದೆ.

ತೊರೆಯಂಚು:

ಓಲೆಗರಿ ಅವರೇ, ನಿಮ್ಮ ಕೊನೆಯ ಮಾತು ಬಿಟ್ಟು ಉಳಿದದ್ದೆಲ್ಲ ಒಪ್ಪುತ್ತೇನೆ. ಕೊನೆಯದನ್ನು ಒಪ್ಪಲು ಆಗುವುದಿಲ್ಲ.

ನಾನು ಮನೆಯಲ್ಲಿ ಆಡಿ ಬೆಳೆದ ಕನ್ನಡ ಪುಸ್ತಕದ ಕನ್ನಡ ಅಲ್ಲ. ಚಿಕ್ಕಂದಿನಲ್ಲಿ ಕಥೆಗಳಲ್ಲಿ ನಮ್ಮ ಮನೆಮಾತು ಕಂಡಾಗಲೆಲ್ಲ ಅದು ಕಳ್ಳನ ಬಾಯಲ್ಲೋ ಆಳಿನ ಬಾಯಲ್ಲೋ ದಡ್ಡನ ಬಾಯಲ್ಲೋ ಇರುತ್ತಿತ್ತು. ರಾಜ ಪುಸ್ತಕದ ಹಾಗೆ ಮಾತಾಡುತ್ತಿದ್ದ. ನನ್ನ ಅಜ್ಜಿಯಷ್ಟು ತೂಕದ ಮಾತಾಡುವವರನ್ನು ನಾನು ಕಂಡಿಲ್ಲ, ಆದರೆ ಅವಳ ಹಾಗೆ ಮಾತಾಡುವ ಒಬ್ಬ ರಾಣಿಯನ್ನೂ ಯಾವ ಕಥೆಯಲ್ಲೂ ನೋಡಲಿಲ್ಲ. ಹೊಸ ಲೋಕ ಕಟ್ಟುವ ಸ್ವಾತಂತ್ರ್ಯ ಕೈಯಲ್ಲಿ ಇರುವಾಗ, ಎರಡು ಚಂದ್ರ ತಂದು ಕೂರಿಸುವಷ್ಟು ಧೈರ್ಯ ಇರುವಾಗ, ಈ ಮೇಲು ಕೀಳನ್ನು ಮಾತ್ರ ಇಲ್ಲಿಂದ ಎತ್ತಿಕೊಂಡು ಹೋಗುವುದು ಯಾಕೆ? ದರ್ಬಾರು, ಖಜಾನೆ ಬರೀ ಹೊರಗಿನವರಿಗೆ ಅಂದಾಗಲೂ ಹಾಗೇ. ಆ ಪದಗಳು ನಮ್ಮೊಳಗೆ ಎಷ್ಟೋ ಕಾಲದಿಂದ ಇವೆ. ಅವನ್ನು ಒಂದು ಜನಕ್ಕೆ ಮಾತ್ರ ಕೊಟ್ಟು ಆ ಜನ ಕಥೆಯಲ್ಲಿ ಕೆಟ್ಟವರಾದರೆ ಓದುವವರು ಅದನ್ನು ನಮ್ಮ ಲೋಕದ ಯಾರ ಮೇಲೋ ಹಾಕಿಕೊಳ್ಳುತ್ತಾರೆ.

ಬೇರೆ ಬೇರೆ ಜನರನ್ನು ಬೇರೆ ಮಾಡಿ ತೋರಿಸಲು ಪದದ ಮೂಲ ಒಂದೇ ದಾರಿ ಅಲ್ಲ. ವಾಕ್ಯದ ಉದ್ದ ಇದೆ. ಸೇತುವೆಯ ಮೇಲೆ ಕೆಲಸ ಮಾಡುವವರು ಗಾಳಿಯಲ್ಲಿ ಕೂಗಿ ಮಾತಾಡಬೇಕು, ಅವರದು ಎರಡು ಮೂರು ಪದದ ಮಾತು. ನೀರಿನವರಿಗೆ ಅವಸರ ಇಲ್ಲ, ಅವರ ವಾಕ್ಯ ಸುತ್ತಿ ಸುತ್ತಿ ಕೊನೆಗೆ ಕ್ರಿಯಾಪದಕ್ಕೆ ಬರಲಿ. ಯಾರು ಯಾರಿಗೆ ‘ನೀನು’ ಅನ್ನುತ್ತಾರೆ, ಯಾರಿಗೆ ‘ನೀವು’, ‘ತಾವು’ ಅನ್ನುವುದೂ ಇದೆ. ಒಂದು ಜನ ಮುಖ್ಯಸ್ಥನಿಗೂ ‘ನೀನು’ ಅನ್ನುತ್ತದೆ ಅಂದರೆ ಅವರ ಬಗ್ಗೆ ಎಷ್ಟು ತಿಳಿಯುತ್ತದೆ ನೋಡಿ.

ಸಂಸ್ಕೃತ ಪದ ಪೂರ್ತಿ ಬಿಡುವುದರ ಬಗ್ಗೆ ಒಂದು ಮಾತು. ನೀವು ಎರಡನೇ ಸಲ ಮಾಡಿದ ಪ್ರಯತ್ನಕ್ಕೆ ಹಳೆಯ ದಾರಿಯೇ ಇದೆ. 1112ರಲ್ಲಿ ನಯಸೇನ ಅನ್ನುವ ಕವಿ, ಕನ್ನಡದಲ್ಲಿ ಸಂಸ್ಕೃತ ತಂದು ಸುರಿಯುವುದು ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗೆ ಅಂದ. 13ನೇ ಶತಮಾನದಲ್ಲಿ ಆಂಡಯ್ಯ ತತ್ಸಮ ಪದಗಳನ್ನು ದೂರ ಇಟ್ಟು ಒಂದು ಇಡೀ ಕಾವ್ಯ ಬರೆದ, ‘ಕಬ್ಬಿಗರ ಕಾವ’. ಅವನು ಆಗಲೇ ಜನರ ಬಾಯಲ್ಲಿ ಪಳಗಿದ್ದ ತದ್ಭವಗಳನ್ನೂ ದೇಸಿ ಪದಗಳನ್ನೂ ತೆಗೆದುಕೊಂಡ. ನಿಮ್ಮ ‘ಕಾಣದಬಲ್ಮೆ’ ಯಾರ ಬಾಯಲ್ಲೂ ಪಳಗಿಲ್ಲ, ಅದಕ್ಕೇ ಗೆಳತಿ ಎಡವಿದಳು. ‘ಮಾಟ’, ‘ಮೋಡಿ’, ‘ಗಾರುಡಿ’ ಇವೆಲ್ಲ ಇವೆಯಲ್ಲ. ಇರುವುದನ್ನು ಮೊದಲು ಹುಡುಕಿ. ಕಥೆಗೆ ತೀರಾ ಮುಖ್ಯವಾದ ಒಂದೋ ಎರಡೋ ವಿಷಯಕ್ಕೆ ಮಾತ್ರ ಹೊಸ ಪದ ಕಟ್ಟಿ.

ಓಲೆಗರಿ:

ಒಪ್ಪಿದೆ. ‘ಹಳ್ಳಿಯ ಕನ್ನಡ’ ಅಂತ ನಾನು ಬರೆದದ್ದೇ ಸರಿ ಇಲ್ಲ. ವಾಕ್ಯದ ಉದ್ದದಿಂದ ಬೇರೆ ಮಾಡುವುದು ನನ್ನದಕ್ಕಿಂತ ಎಷ್ಟೋ ಒಳ್ಳೆಯ ದಾರಿ, ನನ್ನ ಬರವಣಿಗೆಯಲ್ಲೂ ಮಾಡಿ ನೋಡುತ್ತೇನೆ.

ಇರುಳಹಾದಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೀಲಿಶಾಯಿ ಅವರ ಉತ್ತರ ಓದಿ ನಿನ್ನೆ ಇಡೀ ಹಸ್ತಪ್ರತಿ ತೆಗೆದು ‘ಅದು’, ‘ಅವರು’ ಗುರುತು ಹಾಕುತ್ತಾ ಹೋದೆ. ಗೊತ್ತಿಲ್ಲದೆಯೇ ಮೂರನೇ ಅಧ್ಯಾಯದವರೆಗೆ ‘ಅವು’, ಒಂಬತ್ತರ ನಂತರ ‘ಅವರು’ ಬರೆದಿದ್ದೇನೆ. ನಡುವೆ ಎಲ್ಲ ಕಲಸಿಹೋಗಿದೆ. ಅಂದರೆ ಕಥೆಗೆ ಮೊದಲೇ ಗೊತ್ತಿತ್ತು.

ಇನ್ನೊಂದು ಕೇಳಬೇಕಿತ್ತು. ಹೆಸರುಗಳು. ಹುಡುಗಿಗೆ ‘ತೊನೆ’ ಅಂತ ಇಟ್ಟಿದ್ದೇನೆ, ತೂಗಾಡು ಅನ್ನುವ ಅರ್ಥದಲ್ಲಿ. ಬಯಲಿನ ದೊಡ್ಡ ಊರಿಗೆ ‘ಝ್ರಾಖ್ತ್’. ಬೇರೆ ಲೋಕ ಅನ್ನಿಸಲಿ ಅಂತ. ಸರಿ ಇದೆಯಾ?

ನೀಲಿಶಾಯಿ:

ತೊನೆ ತುಂಬಾ ಚೆನ್ನಾಗಿದೆ. ಝ್ರಾಖ್ತ್‌ಗೆ ವಿಭಕ್ತಿ ಹಚ್ಚಿ ಜೋರಾಗಿ ಓದಿ ನೋಡಿ. ಝ್ರಾಖ್ತ್‌ನಲ್ಲಿ, ಝ್ರಾಖ್ತ್‌ನಿಂದ, ಝ್ರಾಖ್ತ್‌ನವರಿಗೆ. ಊರಿನ ಹೆಸರು ಕಥೆಯಲ್ಲಿ ಒಂಟಿಯಾಗಿ ಬರುವುದು ಕಡಿಮೆ, ಬಾಲ ಹಚ್ಚಿಕೊಂಡೇ ಬರುತ್ತದೆ. ಕನ್ನಡದ ಬಾಯಿ ಪದದ ಕೊನೆಗೆ ಸ್ವರ ಬಯಸುತ್ತದೆ. ಬಸ್ ಅನ್ನುವುದನ್ನು ಬಸ್ಸು ಮಾಡಿಕೊಂಡಿದ್ದೇವಲ್ಲ, ಹಾಗೆ.

ಬೇರೆ ಊರು ಅನ್ನಿಸಲು ಇಷ್ಟು ಗಟ್ಟಿ ಒತ್ತಕ್ಷರ ಬೇಕಿಲ್ಲ. ಅಚ್ಚಗನ್ನಡದ ಪದಗಳಲ್ಲಿ ಮಹಾಪ್ರಾಣ ಇಲ್ಲವೇ ಇಲ್ಲ ಅನ್ನಬಹುದು. ಗುಡ್ಡದ ಹೆಸರುಗಳಲ್ಲಿ ಮಹಾಪ್ರಾಣ ಬೇಡ, ಬಯಲಿನ ಹೆಸರುಗಳಲ್ಲಿ ಒಂದೊಂದು ಇರಲಿ. ‘ಝರಾಖಿ’ ಅಂತ ಮಾಡಿದರೆ ಝರಾಖಿಯಲ್ಲಿ, ಝರಾಖಿಯವರು, ಎಲ್ಲ ಸಲೀಸು. ತೊನೆ ಮೊದಲ ಸಲ ಆ ಹೆಸರು ಹೇಳುವಾಗ ಅವಳ ಬಾಯಲ್ಲಿ ‘ಜರಾಕಿ’ ಅಂತ ಬರಲಿ. ಬಯಲಿನವರು ಅದನ್ನು ತಿದ್ದುತ್ತಾರಾ, ಸುಮ್ಮನಿರುತ್ತಾರಾ ಅನ್ನುವುದು ನಿಮಗೆ ಬಿಟ್ಟದ್ದು.

ಇರುಳಹಾದಿ:

ಝರಾಖಿ ಇಟ್ಟುಕೊಂಡೆ. ಇವತ್ತು ಬೆಳಗ್ಗೆ ಆ ಮೊದಲ ಭೇಟಿಯನ್ನು ಮತ್ತೆ ಬರೆದೆ. ಇಲ್ಲಿ ಹಾಕುತ್ತಿದ್ದೇನೆ, ನೋಡಿ ಹೇಳಿ.

‘ಓಡುವ ತಿಂಗಳು ತುಂಬಿ ಎರಡು ದಿನ. ಬಂಡೆಯ ಸಂದಿಗೆ ಸಿಕ್ಕಿಕೊಂಡಿದ್ದ ಹಗ್ಗದ ತುಂಡನ್ನು ಹಿಡಿದು ತೊನೆ ನೀರಿನಿಂದ ಅರ್ಧ ಮೇಲೆ ಬಂದಿದ್ದಳು. ಮಡುವಿನ ನಡುವೆ ಏನೋ ಅಲುಗಿತು. ಮೀನು ಅಂದುಕೊಂಡಳು. ಮೀನಿಗೆ ಅಷ್ಟು ಅಗಲದ ನೆರಳು ಇರುವುದಿಲ್ಲ. ಮೇಲೆ, ಬಹಳ ಮೇಲೆ, ಅವ್ವ ಕೂಗಿದಳು. ಅಲ್ಲೇನಿದೆ ತೊನೆ, ಅಲ್ಲೇನಿದೆ? ನೀರು ಸೀಳಿತು. ಅದು ಮೇಲೆ ಬಂತು. ಅದರ ಕಣ್ಣು ಅವಳ ಕಣ್ಣಿನ ಮಟ್ಟಕ್ಕೆ ಬಂದು ನಿಂತಿತು, ಅಲ್ಲೇ ಬಹಳ ಹೊತ್ತು ಇತ್ತು. ನಿನ್ನ ಪೆಸರೇನು, ಅಂದರು.’

ತೊರೆಯಂಚು:

ಕೊನೆಯ ‘ಅಂದರು’ ಓದಿ ಮೈ ಜುಮ್ಮೆಂದಿತು. ಅದನ್ನು ಮುಟ್ಟಬೇಡಿ, ಯಾರು ತಿದ್ದಿ ಅಂದರೂ ತಿದ್ದಬೇಡಿ. ಯಾರಾದರೂ ಅಚ್ಚಿನ ತಪ್ಪು ಅಂದುಕೊಂಡು ‘ಅಂದಿತು’ ಮಾಡಿಬಿಡುತ್ತಾರೆ, ಕರಡು ನೋಡುವವರಿಗೆ ಮೊದಲೇ ಹೇಳಿಡಿ.

‘ಮೀನಿಗೆ ಅಷ್ಟು ಅಗಲದ ನೆರಳು ಇರುವುದಿಲ್ಲ’ ಅನ್ನುವ ಸಾಲೂ ಇಷ್ಟ ಆಯಿತು.

ಎಣಿಕೆಗಾರ:

ತುಂಬಿ ಎರಡು ದಿನ ಆಗಿದ್ದರೆ ಆ ಚಂದ್ರ ಹೊತ್ತು ಮುಳುಗಿದ ಮೇಲೆ ಸ್ವಲ್ಪ ತಡವಾಗಿ ಹುಟ್ಟುತ್ತದೆ. 11 ದಿನದ ಚಂದ್ರ ಬೇಗ ಸರಿಯುವುದರಿಂದ ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ತಡ ಆಗುತ್ತದೆ, ಎರಡು ದಿನಕ್ಕೆ ನಾಲ್ಕೂವರೆ ಗಂಟೆ. ದೃಶ್ಯ ಸಂಜೆಯದಾದರೆ ಅದರ ಬೆಳಕು ಇರುವುದಿಲ್ಲ. ನಡುರಾತ್ರಿ ಆದರೆ ತೊಂದರೆ ಇಲ್ಲ, ಕಣಿವೆಯ ಅಂಚಿನಲ್ಲಿ ಆಗ ತಾನೇ ಬೆಳಕು ಇಳಿಯುತ್ತಿರುತ್ತದೆ.

ಓಲೆಗರಿ:

ಅವ್ವ ಅಷ್ಟು ಮೇಲಿನಿಂದ ‘ಅಲ್ಲೇನಿದೆ’ ಅಂತ ಕೂಗಿದ್ದಕ್ಕೆ ತೊನೆ ಉತ್ತರ ಕೊಡುತ್ತಾಳಾ?

ಇರುಳಹಾದಿ:

ನಡುರಾತ್ರಿಗೇ ಬದಲಾಯಿಸುತ್ತೇನೆ ಎಣಿಕೆಗಾರ ಅವರೇ, ಬೆಳಕು ಇಳಿಯುವುದು ಅಲ್ಲಿ ಬೇಕೇ ಬೇಕು.

ಓಲೆಗರಿ ಅವರೇ, ಈ ಅಧ್ಯಾಯದಲ್ಲಿ ಕೊಡುವುದಿಲ್ಲ. ಏಳನೇ ಅಧ್ಯಾಯದ ಕೊನೆಗೆ ಅವ್ವ ಅದೇ ಸೇತುವೆಯ ಮೇಲೆ ನಿಂತು ಅದೇ ಪ್ರಶ್ನೆ ಮತ್ತೆ ಕೇಳುತ್ತಾಳೆ. ಆಗ ತೊನೆ ಕೆಳಗಿನಿಂದ ಕೂಗಿ ಹೇಳುತ್ತಾಳೆ, ‘ಏನೂ ಇಲ್ಲ ಅವ್ವ. ಮೂವರಿದ್ದಾರೆ.’